ಒಣ ಅಂಗಿಯನ್ನೂ ಒಗೆಯುತ್ತಿದ್ದ ಉಸ್ಮಾನಾಕ

ಉಸ್ಮಾನಾಕ ಮ್ಯಾಚ್ ನೋಡುತ್ತಿರಲಿಲ್ಲ. ಆಟ ಮುಗಿದ ಮೇಲೆ ಬಟ್ಟೆ ನೋಡಿ ಹೇಳುತ್ತಿದ್ದರು. ರುಮೈಥಿಯಾದ ನಮ್ಮ ಕ್ರೀಡಾಂಗಣದ ಹಿಂಬದಿಯ ಲಾಂಡ್ರಿ ಕೋಣೆಯಲ್ಲಿ ಮೋಟು ಸ್ಟೂಲಿನ ಮೇಲೆ ಕುಳಿತು, ಬುಟ್ಟಿಯಿಂದ ಒಂದೊಂದೇ ಜೆರ್ಸಿ ಎತ್ತಿ, "ಇಂವ ಇವತ್ತು ಓಡಿದ್ದಾನೆ ಅಕ್ಕ, ಹಿಂಡಿದ್ರೆ ಒಂದು ಚೊಂಬು ನೀರುಂಟು," ಎನ್ನುವರು. ಇನ್ನೊಂದನ್ನು ಮೂಸಿ, "ಇಂವ ಬೆವರಿದ್ದು ಓಡಿ ಅಲ್ಲ, ಹೆದರಿ," ಎನ್ನುವರು. ಮೊದಮೊದಲು ನಾನು ನಗುತ್ತಿದ್ದೆ. ಆಮೇಲೆ ಆಫೀಸಿನಲ್ಲಿ ಆ ದಿನದ ಸ್ಕೋರ್‌ಶೀಟ್ ಟೈಪ್ ಮಾಡುವಾಗ ನೋಡಿದರೆ ಹೆಚ್ಚಿನ ಸಲ ಅವರು ಹೇಳಿದ್ದೇ ಸರಿಯಿರುತ್ತಿತ್ತು.

ನಾನು ಆ ಬಾಸ್ಕೆಟ್‌ಬಾಲ್ ಕ್ಲಬ್ಬಿನ ಆಫೀಸ್ ಸೆಕ್ರೆಟರಿ. ಉಡುಪಿ ಕಡೆಯವಳು, ಈ ಕೊಲ್ಲಿ ದೇಶಕ್ಕೆ ಬಂದು ಗಂಡ, ಮಗಳೊಡನೆ ರಿಗ್ಗೈಯಲ್ಲಿ ಮನೆ. ಉಸ್ಮಾನಾಕ ಉಳ್ಳಾಲದ ಬ್ಯಾರಿ. ಉಸ್ಮಾನ್ ಎಂಬ ಹೆಸರಿಗೆ ಹಿರಿಯರನ್ನು ಕರೆಯುವ ಕಾಕ ಸೇರಿ ಉಸ್ಮಾನಾಕ ಆದದ್ದು. ಅಮೆರಿಕದಿಂದ ಬಂದ ಏಳಡಿಯ ಆಟಗಾರನೂ ಅವರನ್ನು ಹಾಗೆಯೇ ಕರೆಯುತ್ತಿದ್ದ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಆದರೂ ನನ್ನನ್ನು ಅಕ್ಕ ಎನ್ನುತ್ತಿದ್ದರು. "ನಾನು ನಿಮಗೆ ಅಕ್ಕನಾ?" ಎಂದು ಒಮ್ಮೆ ರೇಗಿದ್ದಕ್ಕೆ, "ಮತ್ತೆ ಮೇಡಂ ಅಂತ ಕರೀಬೇಕಾ? ಮೇಡಂ ಅಂದ್ರೆ ನೀವು ಚಾ ಕುಡೀಲಿಕ್ಕೆ ಇಲ್ಲಿಗೆ ಬರ್ತೀರಾ?" ಎಂದು ಕೇಳಿ ಬಾಯಿ ಮುಚ್ಚಿಸಿದರು.

ನಮ್ಮದು ಲೀಗಿಗೆ ತಡವಾಗಿ ಸೇರಿದ ತಂಡ. ಹೊಸ ತಂಡ ಸೇರುವಾಗ ಇಲ್ಲಿ ಒಂದು ಕ್ರಮ ಉಂಟು. ಹಳೆಯ ತಂಡಗಳು ತಾವು ಬಿಟ್ಟುಕೊಡದವರ ಪಟ್ಟಿ ಬರೆದು ಕೊಡಬೇಕು. ಆಟಗಾರರಲ್ಲಿ ಎಂಟು ಜನ, ಸಿಬ್ಬಂದಿಯಲ್ಲಿ ಮೂರು ಜನ. ಪಟ್ಟಿಯಲ್ಲಿ ಹೆಸರಿಲ್ಲದವರೊಳಗಿಂದ ಹೊಸ ತಂಡ ತನಗೆ ಬೇಕಾದವರನ್ನು ಎತ್ತಿಕೊಳ್ಳಬಹುದು. ಹನ್ನೆರಡು ವರ್ಷದ ಹಿಂದೆ ನಮ್ಮ ತಂಡ ಹುಟ್ಟಿದ್ದು ಹೀಗೆಯೇ, ಬೇರೆಯವರ ಪಟ್ಟಿಯಲ್ಲಿ ಹೆಸರಿಲ್ಲದವರಿಂದ. ಉಸ್ಮಾನಾಕ ಬಂದದ್ದೂ ಹಾಗೆಯೇ.

"ಆ ಕ್ಲಬ್ಬಿನಲ್ಲಿ ಹದಿನೇಳು ವರ್ಷ ಒಗೆದಿದ್ದೇನೆ ಅಕ್ಕ," ಎಂದು ಅವರು ಆ ಕತೆಯನ್ನು ಎಷ್ಟೋ ಸಲ ಹೇಳಿದ್ದಾರೆ. "ಒಂದು ದಿನ ಬೋರ್ಡಿನಲ್ಲಿ ಪಟ್ಟಿ ಹಾಕಿದ್ರು. ನನ್ನ ಹೆಸರು ಮೇಲಿಂದ ಹುಡುಕಿದೆ, ಕೆಳಗಿಂದ ಹುಡುಕಿದೆ. ಇಲ್ಲ. ಒಬ್ಬನಾದ್ರೂ ಬಂದು, ಉಸ್ಮಾನ್, ಹೀಗ್ಹೀಗೆ ಉಂಟು ಅಂತ ಹೇಳ್ಬಹುದಿತ್ತಲ್ಲ? ಯಾರೂ ಹೇಳ್ಲಿಲ್ಲ. ಖಲಾಸ್."

ನಮ್ಮ ತಂಡದ ಚರಿತ್ರೆ ಆಫೀಸಿನ ಫೈಲಿನಲ್ಲಿರಲಿಲ್ಲ, ಅವರ ಕಪಾಟಿನಲ್ಲಿತ್ತು. ಮೊದಲ ಮ್ಯಾಚಿಗೆ ಜೆರ್ಸಿಗಳು ಬಂದರಿನಲ್ಲೇ ಸಿಕ್ಕಿಬಿದ್ದಾಗ, ಅವರು ಮಾರ್ಕೆಟಿಗೆ ಓಡಿ ಹನ್ನೆರಡು ಬಿಳಿ ಬನಿಯನ್ ತಂದು, ಹಸಿರು ಪರದೆ ಬಟ್ಟೆಯನ್ನು ನಂಬರಿನಂತೆ ಕತ್ತರಿಸಿ ಹೊಲಿದಿದ್ದರಂತೆ. ಅರ್ಧ ಆಟದಲ್ಲಿ ಏಳನೇ ನಂಬರಿನವನ ಏಳು ಕಿತ್ತುಹೋಗಿ, ರೆಫರಿ ಅವನನ್ನು ಹೊರಗೆ ಕಳಿಸಿದನಂತೆ. ಆ ಬನಿಯನ್‌ಗಳಿದ್ದವು. ತಿಂಗಳುಗಟ್ಟಲೆ ಸೋತ ಮೇಲೆ ಮೊದಲು ಗೆದ್ದ ದಿನದ ಒಂದು ಜೆರ್ಸಿಯೂ ಇತ್ತು. ಸಿಕ್ಕಿದ್ದನ್ನೆಲ್ಲ ಒಗೆಯುವ ಮನುಷ್ಯ ಅದೊಂದನ್ನು ಒಗೆಯದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದರು. "ನಮ್ಮ ಮಕ್ಕಳ ಮೊದಲ್ನೇ ಗೆಲುವು. ಸೋಪು ಹಾಕ್ಲಿಕ್ಕೆ ಮನಸ್ಸು ಬರ್ಲಿಲ್ಲ," ಎನ್ನುವರು. ತಂಡದವರೆಲ್ಲ ಅವರಿಗೆ "ನಮ್ಮ ಮಕ್ಕಳೇ". ನಲವತ್ತು ದಾಟಿದ ಕೋಚ್ ಕೂಡ.

ಸೀಸನ್ ಶುರುವಾಗುವ ಮೊದಲು ಜೆರ್ಸಿಗಳ ಬೆನ್ನಿಗೆ ಹೆಸರು ಅಂಟಿಸುವ ಕೆಲಸ ನೋಡಲು ನನಗೆ ಬಹಳ ಇಷ್ಟವಾಗಿತ್ತು. ಒಂದೊಂದೇ ಇಂಗ್ಲಿಷ್ ಅಕ್ಷರವನ್ನು ಸ್ಕೇಲಿನ ಅಂಚಿಗೆ ಜೋಡಿಸಿ, ಮೇಲೆ ತೆಳು ಬಟ್ಟೆ ಹಾಸಿ, ಇಸ್ತ್ರಿ ಪೆಟ್ಟಿಗೆ ಇಟ್ಟು, ತುಟಿಯಲ್ಲೇ ಹತ್ತರವರೆಗೆ ಎಣಿಸಿ ಎತ್ತುವರು. ಒಂದು ಅಕ್ಷರ ಸೊಟ್ಟ ಹೋದದ್ದನ್ನು ನಾನು ಕಂಡಿಲ್ಲ. ಆದರೆ ಫಾರಂ ತುಂಬಿಸುವುದಿದ್ದರೆ ಮಾತ್ರ ನನ್ನ ಮೇಜಿಗೇ ಬರುತ್ತಿದ್ದರು. "ನನಗೆ ಇಂಗ್ಲಿಷ್ ಬರುದಿಲ್ಲ ಅಕ್ಕ, ನೀವೇ ಗೀಚಿ ಕೊಡಿ." ನಾನು ಗೀಚಿ ಕೊಡುತ್ತಿದ್ದೆ, ಸ್ವಲ್ಪ ಜಂಬದಿಂದಲೇ.

ಕೆಲವು ವರ್ಷಗಳ ಹಿಂದೆ ಜಾಸಿಮ್ ಎಂಬ ಒಬ್ಬ ಆಟಗಾರನಿದ್ದ. ಒಳ್ಳೆಯ ಹುಡುಗ, ಆದರೆ ಮೂರು ವರ್ಷದಲ್ಲಿ ಅವನು ಆಡಿದ್ದಕ್ಕಿಂತ ಬೆಂಚಿನಲ್ಲಿ ಕೂತದ್ದೇ ಹೆಚ್ಚು. ಒಂದು ಸಂಜೆ ಉಸ್ಮಾನಾಕ ಅವನ ಜೆರ್ಸಿಯನ್ನೂ ಮೆಶಿನಿಗೆ ಹಾಕುತ್ತಿದ್ದರು. ಅಂಗಡಿಯಿಂದ ತಂದಷ್ಟು ಒಣಗಿತ್ತು, ಮಡಿಕೆ ಕೂಡ ಮುರಿದಿರಲಿಲ್ಲ. "ಅದನ್ಯಾಕೆ ಒಗೀತೀರಿ, ಮಡಚಿಡಿ," ಎಂದೆ.

"ಹಾಗೆ ಮಾಡ್ಲಿಕ್ಕಾಗುದಿಲ್ಲ ಅಕ್ಕ," ಎಂದರು. "ನಾಳೆ ಹಗ್ಗದಲ್ಲಿ ಹನ್ನೊಂದು ಅಂಗಿ ಇದ್ದು ಅವನದ್ದು ಇಲ್ಲದಿದ್ರೆ, ಪ್ರಾಕ್ಟೀಸಿಗೆ ಬಂದವ್ರಿಗೆಲ್ಲ ಗೊತ್ತಾಗ್ತದೆ. ಅವನಿಗೂ ಗೊತ್ತಾಗ್ತದೆ. ಒಂದು ಚಮಚ ಸೋಪು, ಹೋಗ್ಲಿ."

ನಾನು ಮರುದಿನ ಬೇಕೆಂದೇ ಹೋಗಿ ನೋಡಿದೆ. ಹಗ್ಗದಲ್ಲಿ ಹನ್ನೆರಡು ಜೆರ್ಸಿಗಳು ತೂಗುತ್ತಿದ್ದವು. ಜಾಸಿಮ್ ತನ್ನದರ ಕೆಳಗೆ ನಿಂತು ಬೂಟಿನ ಲೇಸ್ ಕಟ್ಟಿಕೊಳ್ಳುತ್ತಿದ್ದ.

ಹೋದ ವರ್ಷ ಲೀಗಿಗೆ ಇನ್ನೊಂದು ಹೊಸ ತಂಡ ಬಂತು. ಅದರ ಕ್ರೀಡಾಂಗಣ ದಕ್ಷಿಣಕ್ಕೆ, ವಫ್ರಾ ಕಡೆ, ಹಸಿರುಮನೆಗಳನ್ನೂ ದಾಟಿ. ಬಸ್ಸು ಅಪರೂಪ, ಕೆಲಸದವರೆಲ್ಲ ಅಲ್ಲೇ ಉಳಿಯಬೇಕು. ಈ ಸಲ ಪಟ್ಟಿ ಬರೆಯುವ ಸರದಿ ನಮ್ಮದು. ನಮ್ಮ ಮುದೀರ್, ಅಂದರೆ ಮ್ಯಾನೇಜರ್, ಎಂಟು ಆಟಗಾರರ ಹೆಸರು ಹೇಳಿದರು. ಸಿಬ್ಬಂದಿಯಲ್ಲಿ ಸಹಾಯಕ ಕೋಚ್, ಫಿಸಿಯೋ ಎಂದರು. ಮೂರನೆಯದಕ್ಕೆ ಕೈ ಬೀಸಿ, "ಯಾರನ್ನಾದರೂ ಹಾಕು. ಆಫೀಸಿನವರನ್ನೂ ಲಾಂಡ್ರಿಯವರನ್ನೂ ಯಾರು ಕೇಳುತ್ತಾರೆ? ಯಲ್ಲಾ, ಬೇಗ," ಎಂದು ಹೊರಟುಹೋದರು.

ನಾನು ಉಸ್ಮಾನಾಕನ ಹೆಸರು ಟೈಪ್ ಮಾಡಿದೆ. ಮಾಡಿದ್ದು ಹೌದು. ಆಮೇಲೆ ವಫ್ರಾ ನೆನಪಾಯಿತು, ಮಗಳ ಹತ್ತನೇ ಕ್ಲಾಸು ನೆನಪಾಯಿತು. ಅಕಸ್ಮಾತ್ ಹೊಸ ತಂಡಕ್ಕೆ ಇಂಗ್ಲಿಷ್ ಬರುವ ಸೆಕ್ರೆಟರಿ ಬೇಕಾದರೆ? ಅರವತ್ತರ ಹತ್ತಿರದ ಬಟ್ಟೆ ಒಗೆಯುವ ಮುದುಕ ಅಲ್ಲಿ ಯಾರಿಗೆ ಬೇಕು? ಹಾಗಂದುಕೊಂಡು ಅವರ ಹೆಸರು ಅಳಿಸಿ ನನ್ನ ಹೆಸರು ಹಾಕಿದೆ. ಒಂದು ನಿಮಿಷವೂ ಹಿಡಿಯಲಿಲ್ಲ.

ಅದಕ್ಕಿಂತ ನಾಚಿಕೆಯ ವಿಷಯ ಇನ್ನೊಂದುಂಟು. ಡ್ರೆಸ್ಸಿಂಗ್ ರೂಮಿನ ಬೋರ್ಡಿಗೆ ನೋಟೀಸು ಹಚ್ಚುವವರು ಉಸ್ಮಾನಾಕ. ಆ ಪಟ್ಟಿಯ ಪ್ರಿಂಟ್ ತೆಗೆದು ಅವರ ಕೈಗೇ ಕೊಟ್ಟೆ. ಹೇಗೂ ಇಂಗ್ಲಿಷ್ ಬರುವುದಿಲ್ಲವಲ್ಲ! ಅವರು ಕಾಗದ ಹಿಡಿದು ಸ್ವಲ್ಪ ಹೊತ್ತು ನಿಂತರು.

"ಎಲ್ಲ ಸರಿ ಉಂಟಾ ಅಕ್ಕ?"

"ಹೂಂ. ಆಫೀಸಿನದ್ದು ಎಂತದ್ದೋ," ಎಂದೆ.

ನಾಲ್ಕು ಮೂಲೆಗೂ ಪಿನ್ ಚುಚ್ಚಿ ನೆಟ್ಟಗೆ ಹಚ್ಚಿದರು. ಮಧ್ಯಾಹ್ನ ಎಂದಿನಂತೆ ಚಾ ಕೊಟ್ಟರು.

ಹೊಸ ತಂಡ ಆರಿಸಿಕೊಳ್ಳುವ ದಿನ ನಾವೆಲ್ಲ ಆಫೀಸಿನ ಟಿವಿಯ ಮುಂದೆ ಕೂತಿದ್ದೆವು. ವೇದಿಕೆಗೆ ಬಂದ ಹೊಸ ತಂಡದ ಕೋಚನ್ನು ನೋಡಿ ಎಲ್ಲರೂ ಹೋ ಎಂದರು. ನಮ್ಮ ಜಾಸಿಮ್! ಆಟ ಬಿಟ್ಟ ಮೇಲೆ ಕೋಚಿಂಗ್ ಕಲಿಯಲು ಹೊರದೇಶಕ್ಕೆ ಹೋಗಿದ್ದಾನೆ ಎಂದು ಕೇಳಿದ್ದೆವು, ಅಷ್ಟೇ. ಅವನು ಮೈಕಿನ ಮುಂದೆ ನಿಂತು ಮೊದಲ ಹೆಸರು ಓದಿದ. ಆಟಗಾರನದ್ದಲ್ಲ. ಉಸ್ಮಾನಾಕನದ್ದು.

ಸುತ್ತ ಇದ್ದವರು ಚಪ್ಪಾಳೆ ತಟ್ಟಿ ನಗುತ್ತಿದ್ದರು. ನಾನು ಎದ್ದು ಲಾಂಡ್ರಿ ಕೋಣೆಗೆ ಓಡಿದೆ. ಅವರು ಇಸ್ತ್ರಿ ಹಾಕುತ್ತಿದ್ದರು.

"ಉಸ್ಮಾನಾಕ, ನಿಮ್ಮನ್ನು ತಗೊಂಡ್ರು. ಹೊಸ ತಂಡದವರು. ಜಾಸಿಮ್."

"ಜಾಸಿಮಾ?" ಎಂದರು. ಕೈ ನಿಂತಿತು. "ಒಳ್ಳೆ ಹುಡುಗ. ಊಟ ಸರಿ ಮಾಡ್ತಿರ್ಲಿಲ್ಲ." ಸುಟ್ಟ ವಾಸನೆ ಬಂದಾಗಲೇ ಇಬ್ಬರಿಗೂ ಎಚ್ಚರವಾದದ್ದು. ಇಸ್ತ್ರಿ ಪೆಟ್ಟಿಗೆ ಜೆರ್ಸಿಯ ಮೇಲೆಯೇ ಇತ್ತು. ಹನ್ನೊಂದು ವರ್ಷದಲ್ಲಿ ಅವರ ಕೈಯಲ್ಲಿ ಸುಟ್ಟದ್ದು ಅದೊಂದೇ ಅಂಗಿ.

ಒಂದು ವಾರದೊಳಗೆ ಕಾಗದಪತ್ರ ಆಗಿ ಅವರು ಹೋದರು. ಬೀಗದ ಕೈ ನನ್ನ ಮೇಜಿನ ಮೇಲಿಟ್ಟು, "ಕಪಾಟಿನ ಆ ಚೀಲವನ್ನು ಹೊಸಬ ಒಗೆದು ಬಿಟ್ಟಾನು, ಸ್ವಲ್ಪ ಹೇಳಿ," ಎಂದರು. ಪಟ್ಟಿಯ ವಿಷಯ ನಾನು ಆಗಲೂ ಹೇಳಲಿಲ್ಲ. ಆ ಸೀಸನ್ ಮುಗಿಯುವ ಮೊದಲೇ ಅವರು ಕೆಲಸ ಬಿಟ್ಟು ಊರಿಗೆ ಹೋದ ಸುದ್ದಿ ಬಂತು. ಫೋನ್ ಮಾಡಿದರೆ ಆ ನಂಬರ್ ಈಗ ಯಾರೋ ಬಂಗಾಳಿ ಭಾಯಿಯದ್ದು.

ಆದರೆ ಅದಕ್ಕೂ ಮೊದಲು ಒಮ್ಮೆ ಅವರನ್ನು ನೋಡಿದೆ. ಹೊಸ ತಂಡ ಮೊದಲ ಬಾರಿ ನಮ್ಮಲ್ಲಿಗೆ ಆಡಲು ಬಂದ ದಿನ. ಮ್ಯಾಚಿಗೆ ಎರಡು ಗಂಟೆ ಇರುವಾಗ ಏನೋ ಕೆಲಸಕ್ಕೆ ನಮ್ಮ ಡ್ರೆಸ್ಸಿಂಗ್ ರೂಮಿಗೆ ಹೋದೆ. ಬಾಗಿಲು ತೆಗೆದವಳು ಅಲ್ಲೇ ನಿಂತುಬಿಟ್ಟೆ. ಹಸಿರು ಜೆರ್ಸಿಗಳಿರಬೇಕಾದ ಹನ್ನೆರಡು ಗೂಟಗಳಲ್ಲಿ ಹನ್ನೆರಡು ಕೆಂಪು ಜೆರ್ಸಿಗಳು. ಎದುರಾಳಿಯವು. ಹೆಸರಿನ ಬದಿ ಹೊರಗೆ, ಕೆಳಗೆ ಟವೆಲು, ಅದರ ಮೇಲೆ ಕಾಲುಚೀಲ. ಹಾಗೆ ಜೋಡಿಸುವವರು ಈ ದೇಶದಲ್ಲಿ ಒಬ್ಬರೇ.

ಉಸ್ಮಾನಾಕ ಕೋಣೆಯ ನಡುವೆ ಖಾಲಿ ಟ್ರಾಲಿ ಹಿಡಿದು ನಿಂತಿದ್ದರು. ಕೆಂಪು ಟೀಶರ್ಟು ಹಾಕಿದ್ದರು. ಸೊರಗಿದ್ದರು.

"ಕಾಲು ಸೀದಾ ಇಲ್ಲಿಗೇ ಬಂತು ಅಕ್ಕ," ಎಂದರು. "ಎಲ್ಲ ಹಾಕಿ ಆಯ್ತು. ಆಮೇಲೆ ನೋಡ್ತೇನೆ, ಬಣ್ಣ ಕೆಂಪು."

ಇನ್ನು ತಡೆಯಲಾಗಲಿಲ್ಲ. "ಉಸ್ಮಾನಾಕ, ಆ ಪಟ್ಟಿಯಲ್ಲಿ ನಿಮ್ಮ ಹೆಸರಿತ್ತು. ಅಳಿಸಿದ್ದು ನಾನು. ನನ್ನ ಹೆಸರು ಹಾಕಿಕೊಂಡೆ," ಎಂದು ಅತ್ತುಬಿಟ್ಟೆ.

ಅವರು ಹತ್ತಿರದ ಗೂಟದ ಜೆರ್ಸಿಯ ಬೆನ್ನಿನ ಹೆಸರಿನ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಸವರಿದರು. "ಹನ್ನೊಂದು ವರ್ಷ ಈ ಅಕ್ಷರ ಅಂಟಿಸಿದ್ದು ನಾನಲ್ವಾ ಅಕ್ಕ? ಫಾರಂ ಓದ್ಲಿಕ್ಕೆ ಬರುದಿಲ್ಲ. ಹೆಸರು ಓದ್ಲಿಕ್ಕೆ ಬರ್ತದೆ. ನೀವು ಕಾಗದ ಕೊಟ್ಟಾಗ್ಲೇ ಓದಿದೆ. ಅದಕ್ಕೇ ಕೇಳಿದ್ದು, ಎಲ್ಲ ಸರಿ ಉಂಟಾ ಅಂತ."

ಅವರು ನನ್ನ ಹೆಸರು ಓದಿ, ತಮ್ಮದು ಇಲ್ಲದ್ದನ್ನು ಕಂಡು, ನಾನು ಹೇಳುತ್ತೇನೋ ಎಂದು ಕಾದು, ನಾಲ್ಕು ಪಿನ್ ಚುಚ್ಚಿದ್ದರು. ಆಮೇಲೆ ನನಗೆ ಚಾ ಕೊಟ್ಟಿದ್ದರು. ಆ ಚಾ ನಾನು ಕುಡಿದಿದ್ದೆ.

ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಹೊರಗೆ ಕಾರಿಡಾರಿನಲ್ಲಿ ಬೂಟುಗಳ ಸದ್ದು, ನಗು. ಉಸ್ಮಾನಾಕ ಗಡಬಡಿಸಿ ಗೂಟದಿಂದ ಜೆರ್ಸಿಗಳನ್ನು ಕಿತ್ತು ನನ್ನ ತೋಳಿನ ಮೇಲೆ ಹಾಕತೊಡಗಿದರು.

"ಅದೆಲ್ಲ ಈಗ ಬೇಡ. ಇದನ್ನು ಹಿಡೀರಿ, ಬೇಗ ತೆಗೀಬೇಕು," ಎಂದರು. "ನಿಮ್ಮ ಮಕ್ಕಳು ಬರ್ತಾ ಇದ್ದಾರೆ."