ತಲೆಕೆಳಗಾಗಿ ಓದುತ್ತಿದ್ದ ಕಾಕಾ

ಮೊನ್ನೆ ಚಿತ್ತವಾಡ್ಗಿಯಲ್ಲಿ ಮೆಕ್ಯಾನಿಕ್ ಒಬ್ಬ ಆಟೋದ ಬಿಡಿಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ಆ ವಾಸನೆಗೆ ನಿಂತೇಬಿಟ್ಟೆ. ನಮ್ಮ ಪಕ್ಕದ ಮನೆಯ ಕಾಕಾ ಹತ್ತಿರ ಬಂದರೆ ಇದೇ ವಾಸನೆ... ಅಚ್ಚುಕೂಟದಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸಿ, ಸಂಜೆ ಸೀಮೆಎಣ್ಣೆಯಿಂದ ಮಸಿ ತೊಳೆಯುತ್ತಿದ್ದವರು. ಅಚ್ಚುಕೂಟ ಮುಚ್ಚಿ ಎಷ್ಟೋ ವರ್ಷವಾದರೂ ವಾಸನೆ ಅವರನ್ನು ಬಿಟ್ಟಿರಲಿಲ್ಲ. ಅಥವಾ ನನಗೇ ಹಾಗನ್ನಿಸುತ್ತಿತ್ತೋ ಏನೋ.

ನಾನು ಆಗ ಮನೆಯಲ್ಲೇ ಕೂತು ಸಣ್ಣಪುಟ್ಟ ಕಂಪ್ಯೂಟರ್ ಪ್ರೋಗ್ರಾಂ ಬರೆಯುತ್ತಿದ್ದೆ. ಚೋರನೂರಿನಲ್ಲಿ ಹೊಸದಾಗಿ ಓದಲು ಕಲಿತ ನಲವತ್ತು ಹೆಂಗಸರಿಗೆ ಪ್ರಮಾಣಪತ್ರ ಕೊಡುವವರಿದ್ದರು. ಅದರಲ್ಲಿ ಅವರ ಹೆಸರನ್ನು ಕನ್ನಡದಲ್ಲಿ ಮುದ್ರಿಸುವ ಪ್ರೋಗ್ರಾಂ ನನ್ನ ಪಾಲಿಗೆ ಬಂತು. ಪ್ರತಿಯೊಬ್ಬಳೂ ತನ್ನ ಹೆಸರನ್ನು ಎಲ್ಲರೆದುರು ಓದಿ ಹೇಳಬೇಕು, ಆಮೇಲೇ ಚಪ್ಪಾಳೆ. ಆ ನಿಯಮ ಅವರೇ ಮಾಡಿಕೊಂಡದ್ದು.

ಸಮಾರಂಭದ ಹಿಂದಿನ ದಿನ ಬೆಳಿಗ್ಗೆ ಆ ನಲವತ್ತರಲ್ಲಿ ಹುಲಿಗೆಮ್ಮ ಎಂಬಾಕೆಯ ಹಾಳೆ ಹಿಡಿದು ಕಾಕಾನ ಮುಂದೆ ನಿಂತೆ, ಹೊಗಳಿಸಿಕೊಳ್ಳಲು. ಅವರು ಹಾಳೆಯನ್ನು ತಲೆಕೆಳಗು ಮಾಡಿ ನೋಡಿದರು. ಅದು ಅವರ ಹಳೇ ರೂಢಿ. ನೆಟ್ಟಗೆ ಹಿಡಿದರೆ ಅರ್ಥ ನಮ್ಮನ್ನು ಎಳೆದುಕೊಂಡು ಹೋಗುತ್ತದೆ, ತಪ್ಪು ಕಾಣುವುದಿಲ್ಲ ಎನ್ನುತ್ತಿದ್ದರು.

“ಹುಲಿಗೆಮ್ಮನ ಒತ್ತು ಜಾರೈತಲ್ಲ ಯವ್ವಾ.”

ನನಗೆ ಉರಿದುಹೋಯಿತು. ನೂಲೆಳೆಯಷ್ಟು ಸರಿದರೆ ಏನಾಯಿತು, ಓದಲು ಬರುತ್ತದಲ್ಲ ಎಂದೆ.

“ನಿನಗ ಹೆಸರು ಗೊತ್ತೈತಿ, ಓದ್ತಿ. ಅಕಿ ಈಗಷ್ಟ ಕಲ್ತಾಳ. ಅಕಿ ಬೆರಳು ಇಲ್ಲೇ ಎಡವತೈತಿ.”

ಹಾಳೆ ಇಸಿದುಕೊಂಡು ಮತ್ತೆ ನೋಡಿದೆ. ಹೆಸರು ಚೌಕಟ್ಟಿನ ತುಂಬ ಅಂದವಾಗಿ ಹರಡಲೆಂದು ನನ್ನ ಪ್ರೋಗ್ರಾಂ ಅಕ್ಷರವನ್ನೂ ಒತ್ತನ್ನೂ ಬೇರೆ ಬೇರೆಯಾಗಿ ಇಡುತ್ತಿತ್ತು. ಕಾಕಾ ಹೆಬ್ಬೆರಳು, ತೋರುಬೆರಳು ಸೇರಿಸಿ ತೋರಿಸಿದರು. ಮೊಳೆ ಎತ್ತುವಾಗ ಅವರು ಅಕ್ಷರ, ಅದರ ಒತ್ತು ಎರಡನ್ನೂ ಒಟ್ಟಿಗೇ ಹಿಡಿದು ಇಡುತ್ತಿದ್ದರಂತೆ. ಪ್ರೋಗ್ರಾಮಿಗೂ ಅದನ್ನೇ ಕಲಿಸಿದೆ. ಮಧ್ಯಾಹ್ನದ ಹೊತ್ತಿಗೆ ನಲವತ್ತೂ ಹಾಳೆ ಹೊಸದಾಗಿ ಬಂದವು. ಒಂದನ್ನೂ ಬಿಡದೆ ತಲೆಕೆಳಗು ಮಾಡಿ ನೋಡಿದರು, ಪುಣ್ಯಾತ್ಮ.

ಮರುದಿನ ಅವರನ್ನೂ ಚೋರನೂರಿಗೆ ಕರೆದುಕೊಂಡು ಹೋದೆ. ಹುಲಿಗೆಮ್ಮ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದಳು. ಎಲ್ಲೂ ನಿಲ್ಲಲಿಲ್ಲ. ಚಪ್ಪಾಳೆ ಮುಗಿದರೂ ವೇದಿಕೆಯಿಂದ ಕೆಳಗಿಳಿಯದೆ, ಪಕ್ಕದವಳ ಪತ್ರ ಕಿತ್ತುಕೊಂಡು ಅದನ್ನೂ ಓದಿಬಿಟ್ಟಳು! ಆಮೇಲೆ ಕೇಳಬೇಕೆ? ಎಲ್ಲರೂ ಒಬ್ಬರ ಹೆಸರನ್ನು ಇನ್ನೊಬ್ಬರು ಓದುವವರೇ. ಮುಖ್ಯ ಅತಿಥಿಯ ಭಾಷಣ ಗಾಳಿಗೆ ಹೋಯಿತು.

“ಭಾಳ ಮಸ್ತ್ ಆತು ಬಿಡು,” ಎಂದು ಕಾಕಾ ಕಣ್ಣೊರೆಸಿಕೊಂಡು ನಕ್ಕರು. ಅಷ್ಟು ಸಂತೋಷ ನನಗೆ ಆಮೇಲೆ ಯಾವ ಕೆಲಸದಲ್ಲೂ ಸಿಕ್ಕಿಲ್ಲ.

ಕಾಕಾ ಹೋಗಿ ಮೂರು ವರ್ಷವಾಯಿತು... ಇವತ್ತಿಗೂ ನಾನು ಕನ್ನಡಕ್ಕಾಗಿ ಪ್ರೋಗ್ರಾಂ ಬರೆಯುತ್ತೇನೆ, ಮುಗಿದ ಮೇಲೆ ಅಕ್ಕಪಕ್ಕದವರಿಗೆ ತೋರಿಸುತ್ತೇನೆ. ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ಚೆನ್ನಾಗಿಲ್ಲ ಎನ್ನಲು ಯಾರೂ ಇಲ್ಲ.