ಅವ್ವನ ಸೀಟಿಗೊಂದು ಬೆಲ್ಟು

ಸಮೀರವಾಡಿ ದಾಟಿದ ಮೇಲೆ, ಸಂಜೆಯ ಮಬ್ಬಿನಲ್ಲಿ, ಮುಂದೆ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರು ಒಮ್ಮೆಲೇ ನಿಂತುಬಿಟ್ಟಿತು. ಟ್ರೇಲರಿಗೆ ಹಿಂದೆ ದೀಪವಿರಲಿಲ್ಲ. ನಾನು ಬ್ರೇಕನ್ನು ಬಲವಾಗಿ ಒತ್ತಿದೆ. ಕಾರು ಕಬ್ಬಿನ ಸೋಗೆಗೆ ತಾಗುವಷ್ಟರಲ್ಲಿ ನಿಂತಿತು. ಪಕ್ಕದಲ್ಲಿದ್ದ ಅವ್ವ ನಿಲ್ಲಲಿಲ್ಲ. ನಮ್ಮ ಹಳೆಯ ಅಂಬಾಸಿಡರಿನ ಮುಂದಿನ ಸೀಟು ಸೋಫಾದ ಹಾಗೆ ಉದ್ದಕ್ಕೂ ಒಂದೇ. ಆ ನುಣುಪು ರೆಕ್ಸಿನ್ ಮೇಲಿಂದ ಜಾರಿ ಹೋಗಿ ಡ್ಯಾಶ್‌ಬೋರ್ಡಿಗೆ ಗದ್ದ ಬಡಿದುಕೊಂಡಳು. ಸೆರಗಿನಿಂದ ರಕ್ತ ಒತ್ತಿ ಹಿಡಿದು, "ನನಗೇನೂ ಆಗಿಲ್ಲ. ನೀ ಮೊದಲ ಗಾಡಿ ಬಾಜೂಕ ಹಚ್ಚು" ಅಂದಳು.

ಗದ್ದಕ್ಕೆ ಹೊಲಿಗೆ ಬಿತ್ತು. ಅವ್ವನಿಗೆ ಅಷ್ಟರಲ್ಲೇ ಮುಗಿಯಿತು, ನನಗೆ ಮುಗಿಯಲಿಲ್ಲ. ನಾನು ಕಲಿಸುವ ಜಮಖಂಡಿಯ ಸಾಲಿಯಲ್ಲಿ ಬೋರ್ಡಿನ ಮೇಲೆ ಲೆಕ್ಕ ಬರೆಯುವಾಗಲೂ ಆ ಬಡಿತ ಕಿವಿಯಲ್ಲಿ ಕೇಳುತ್ತಿತ್ತು. ಮಂಡಿನೋವಿನ ಚಿಕಿತ್ಸೆಗೆ ಅವಳನ್ನು ಬನಹಟ್ಟಿಯಿಂದ ಮುಧೋಳಕ್ಕೆ ಕರೆದೊಯ್ಯುವುದು ನನ್ನ ಪಾಲಿನ ಕೆಲಸ. ಅಣ್ಣನ ಹೊಸ ಕಾರಿನಲ್ಲಿ ಬೆಲ್ಟುಗಳಿವೆ, ಆದರೆ ಅದರ ಸೀಟು ತಗ್ಗು. ಕೂತರೆ ಅವ್ವನಿಗೆ ಏಳಲಾಗುವುದಿಲ್ಲ. ಅಂಬಾಸಿಡರಿನಲ್ಲಿ ಮಾತ್ರ ಮಂಚದ ಮೇಲೆ ಕೂತಂತೆ ಕೂರುತ್ತಾಳೆ. ಹಾಗಾಗಿ ಅದಕ್ಕೇ ಬೆಲ್ಟು ಹಾಕಿಸುವುದೆಂದು ನಿಶ್ಚಯಿಸಿದೆ.

ಅಣ್ಣ ಒಪ್ಪಲಿಲ್ಲ. ಮಗ್ಗದ ಶೆಡ್ಡಿನ ಸದ್ದಿನಿಂದ ಹೊರಗೆ ಬಂದು, ಕಾರಿನ ಮೇಲೆ ಕೈಯಿಟ್ಟು ಹೇಳಿದ: "ಅಪ್ಪ ಸೀರಿ ಗಂಟು ಹೇರಿಕೊಂಡು ಊರೂರು ತಿರುಗಿದ ಗಾಡಿ ಇದು. ಇದಕ್ಕ ತೂತ ಹಾಕೂದಂದ್ರ ಹೆಂಗ? ಒಂದ ನಟ್ಟೂ ಬದಲಾಗಿಲ್ಲ ಅಂತ ಮಂದಿ ನೋಡಾಕ ಬರ್ತಾರ."

"ಅವ್ವನ ಗದ್ದ ಬದಲಾತಲ್ಲ" ಅಂದೆ.

ಅವನು ಮತ್ತೆ ಶೆಡ್ಡಿನೊಳಗೆ ಹೋದ.

ಜಮಖಂಡಿಯಲ್ಲಿ ಕಾರಿನ ಸಾಮಾನಿನ ಅಂಗಡಿಯೊಂದರಲ್ಲಿ ಬೆಲ್ಟು ಕೇಳಿದೆ. ಅಂಗಡಿಯವನು ಗಾಜಿನ ಪೆಟ್ಟಿಗೆಯಿಂದ ಹೊಳೆಯುವ ಕ್ಲಿಪ್ಪೊಂದನ್ನು ತೆಗೆದಿಟ್ಟ. "ಬೆಲ್ಟ್ ಹಾಕಲಿಲ್ಲಂದ್ರ ಗಾಡಿ ಒದರತೈತಲ್ರಿ ಅಕ್ಕಾರ, ಇದನ್ನ ಸಿಗಿಸಿದ್ರ ಸುಮ್ಮನಾಗತೈತ್ರಿ. ಇದ ಭಾಳ ಹೋಗತೈತಿ. ಬೆಲ್ಟ್ ಕೇಳಿ ಯಾರೂ ಬರೂದಿಲ್ರಿ."

ಮುಧೋಳದ ಗುಜರಿಯಲ್ಲಿ ಬೆಲ್ಟು ಸಿಕ್ಕಿತು. ಮುಂಭಾಗ ನುಜ್ಜುಗುಜ್ಜಾದ ಕಾರಿನಿಂದ ಬಿಚ್ಚಿದ್ದು. ಕೈಯಲ್ಲಿ ಹಿಡಿದಾಗ ನಡುವೆ ಒಂದು ಗೇಣಿನಷ್ಟು ಪಟ್ಟಿ ಅಲೆ ಅಲೆಯಾಗಿ ಎಳೆದುಕೊಂಡಿತ್ತು. ಯಾರದೋ ಎದೆಯನ್ನು ಹಿಡಿದು ನಿಲ್ಲಿಸಿದ ಗುರುತು. ಅವರು ಏನಾದರೋ ಎಂದು ಕೇಳಲು ಬಾಯಿ ಬರಲಿಲ್ಲ. ಒಮ್ಮೆ ಹಾಗೆ ಎಳೆದುಕೊಂಡ ಪಟ್ಟಿ ಮತ್ತೆ ತಡೆಯಲಿಕ್ಕಿಲ್ಲ ಅನ್ನಿಸಿ ಅಲ್ಲೇ ಇಟ್ಟು ಬಂದೆ. ಆಮೇಲೆ ಹೊಸದನ್ನೇ ತರಿಸಿದೆ. ಸೊಂಟಕ್ಕಷ್ಟೇ ಕಟ್ಟುವ ಪಟ್ಟಿ ಹಾಕಿಸಿದರೆ ಕೆಲಸ ಸುಲಭವಿತ್ತು. ಆದರೆ ಗದ್ದ ಮತ್ತೆ ಅದೇ ಡ್ಯಾಶ್‌ಬೋರ್ಡಿಗೆ ಹೋಗುತ್ತಿತ್ತು. ಹೆಗಲ ಮೇಲಿಂದ ಬರುವ, ತಾನೇ ಸುತ್ತಿಕೊಳ್ಳುವ ಬೆಲ್ಟನ್ನೇ ಆರಿಸಿದೆ.

ರಬಕವಿಯ ಗ್ಯಾರೇಜಿಗೆ ಗಾಡಿ ಒಯ್ಯುವ ದಿನ ಅಣ್ಣ ಕರೆಯದೇ ಬಂದ. ತೂತು ಎಲ್ಲಿ ಹಾಕುತ್ತಾರೋ ನೋಡಬೇಕಂತೆ. ಮೆಕ್ಯಾನಿಕ್ ಸೀಟು ಬಿಚ್ಚಿ, ನೆಲದ ಮ್ಯಾಟು ಎತ್ತಿ, ಸ್ಕ್ರೂಡ್ರೈವರಿನಿಂದ ಕುಕ್ಕಿದ. ತುಕ್ಕು ತಿಂದ ತಗಡಿನಲ್ಲಿ ಅದು ಹಪ್ಪಳಕ್ಕೆ ಚುಚ್ಚಿದ ಹಾಗೆ ಕೆಳಗಿಳಿಯಿತು. ಅವ್ವ ಕಾಲಿಡುವ ಜಾಗದಲ್ಲಿ ಗ್ಯಾರೇಜಿನ ಮಣ್ಣು ಕಾಣಿಸಿತು.

"ಪತ್ರಾ ಪೂರಾ ಜಂಗ ತಿಂದೈತ್ರಿ. ಇದಕ್ಕ ಬೋಲ್ಟ್ ಬಿಗದ್ರ ಮೊದಲನೇ ಜಗ್ಗಿಗೇ ಕಿತ್ತು ಬರತೈತಿ" ಅಂದ ಮೆಕ್ಯಾನಿಕ್.

ಅಣ್ಣ ಬಗ್ಗಿ ಆ ತೂತಿನೊಳಗೆ ಬೆರಳಿಟ್ಟ. ಆಮೇಲೆ ಎದ್ದು ಕೈ ಒರೆಸಿಕೊಂಡು, "ನೆಲ ಕೊಯ್ದು ಹೊಸ ಪತ್ರಾ ಹಾಕ್ರಿ. ಬೋಲ್ಟಿನ ಬುಡಕ ದಪ್ಪನ್ನ ಪ್ಲೇಟ್ ಇರಲಿ" ಅಂದ. ನನ್ನ ಕಡೆ ನೋಡಲಿಲ್ಲ.

ಅಷ್ಟಾದರೂ ಕೆಲಸ ಮುಗಿಯಲೊಲ್ಲದು. ಬಾಗಿಲುಗಳ ನಡುವಿನ ಕಂಬಕ್ಕೆ ಬೆಲ್ಟು ಸುತ್ತಿಕೊಳ್ಳುವ ಉರುಳೆ ಕೂರಿಸಿದರು. ಎಳೆದರೆ ಬೆಲ್ಟು ಬರಲೇ ಇಲ್ಲ. ಹಾಳು ಮಾಲು ಬಂತೆಂದು ನಾನು ಕುದಿಯತೊಡಗಿದೆ. ನೋಡಿದರೆ ಕಂಬವೇ ವಾಲಿಕೊಂಡಿತ್ತು. ಉರುಳೆ ನೆಟ್ಟಗೆ ಇಲ್ಲದಿದ್ದರೆ ಗಾಡಿ ಮಗುಚಿತೆಂದು ತಿಳಿದು ಗಟ್ಟಿ ಹಿಡಿದುಕೊಳ್ಳುತ್ತದೆ. ಉರುಳೆಯನ್ನು ನೆಟ್ಟಗಾಗಿಸಿ, ಅವ್ವನನ್ನು ಕರೆತಂದು ಕೂರಿಸಿ ನೋಡಿದರೆ ಪಟ್ಟಿ ಕುತ್ತಿಗೆಗೆ ಒತ್ತುತ್ತಿತ್ತು, ಅವಳು ಗಿಡ್ಡ. ಮೇಲಿನ ಬೋಲ್ಟನ್ನು ಕೆಳಗಿಳಿಸಿದರು. ನಾನು ಪಟ್ಟಿಯನ್ನು ಗಕ್ಕನೆ ಜಗ್ಗಿ ನೋಡುತ್ತಿದ್ದೆ, ಹಿಡಿಯುತ್ತಿತ್ತು; ಮತ್ತೆ ಜಗ್ಗುತ್ತಿದ್ದೆ. ಕಡೆಗೆ ಮೆಕ್ಯಾನಿಕ್ಕೇ, "ಸಾಕ್ ಬಿಡ್ರಿ ಅಕ್ಕಾರ, ಅದಕ್ಕೂ ಬ್ಯಾಸರ ಬಂದೀತು" ಅಂದ.

ಅವ್ವ ಮೊದಲ ದಿನ ಮುಖ ಗಂಟಿಕ್ಕಿ ಕೂತಳು. "ಎಮ್ಮಿ ಕಟ್ಟಿದಂಗ ಕಟ್ಟೀಯಲ್ಲ ನನ್ನ" ಅಂದು, ಮಹಾಲಿಂಗಪುರ ಬರುವಷ್ಟರಲ್ಲಿ ಸೆರಗಿನ ಮರೆಯಲ್ಲಿ ಮೆಲ್ಲಗೆ ಬಿಚ್ಚಿದ್ದಳು. ನಾನು ಗಾಡಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿದೆ. ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯಿತು.

"ಹೋಗು ನಡಿಯವಾ" ಅಂದಳು.

"ಕಟ್ಟಿಕೋ. ಆವತ್ತಿಂದ ನನಗ ನಿದ್ದಿ ಇಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಅದು ಅವಳಿಗೆ ಗೊತ್ತಿರಲಿಲ್ಲ ಅನ್ನಿಸುತ್ತದೆ. ಪಟ್ಟಿ ಎಳೆದುಕೊಂಡು, ಟಕ್ಕೆಂದು ಸಿಗಿಸಿದಳು. ಮುಂದೆ ಎಂದೂ ಬಿಚ್ಚಲಿಲ್ಲ.

ಹೋದ ತಿಂಗಳು ಬೀಳಗಿಯಲ್ಲಿ ಬಳಗದ ಮದುವೆಯಿತ್ತು. ಚಿಕ್ಕಮ್ಮಂದಿರಿಬ್ಬರು ಹಿಂದಿನ ಸೀಟಿನಲ್ಲಿ ಕೂತು, ಕಾಲು ಮಡಚಿಕೊಂಡು ಎಲೆ ಅಡಿಕೆ ಹಂಚಿಕೊಳ್ಳುತ್ತಿದ್ದರು. ಅವ್ವ ಪಟ್ಟಿಯೊಳಗಿಂದಲೇ ಅರ್ಧ ತಿರುಗಿ ಅವರನ್ನು ನೋಡಿದಳು, ರಸ್ತೆ ನೋಡಿದಳು, ಮತ್ತೆ ಅವರನ್ನು ನೋಡಿದಳು.

"ಸಾವಕಾಶ ಹೊಡಿ" ಅಂದಳು. "ಹಿಂದ ಅವರಿಗೇನೂ ಇಲ್ಲ."

ಬೀಳಗಿ ಮುಟ್ಟುವ ತನಕ ಅದನ್ನೇ ಹೇಳುತ್ತಿದ್ದಳು. ಊಟಕ್ಕೆ ಕೂತಾಗಲೂ ಅಣ್ಣನನ್ನು ಪಕ್ಕಕ್ಕೆ ಕರೆದು, ಹಿಂದಿನ ಸೀಟಿನ ನೆಲ ಗಟ್ಟಿ ಇದೆಯೋ ಇಲ್ಲವೋ ನೋಡಿದ್ದಾನೆಯೇ ಎಂದು ಕೇಳಿದಳು. ಅವನು ನೋಡಿರಲಿಲ್ಲ. ಈಗ ಗಾಡಿ ಮತ್ತೆ ರಬಕವಿಯ ಗ್ಯಾರೇಜಿನಲ್ಲಿದೆ.