ಎರಡು ಹಲ್ಲಿನ ನಡುವಿನ ಹುಣಿ

ನನ್ನ ಮುಂದಿನ ಹಲ್ಲೊಂದು ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿತ್ತು. ಅರುವತ್ತರ ದಶಕದ ಕೊನೆಗೆ, ನಾನು ಹೈಸ್ಕೂಲಿನಲ್ಲಿದ್ದಾಗ, ಅಪ್ಪ ನನ್ನನ್ನು ವೇಣೂರಿನಿಂದ ಬಸ್ಸಿನಲ್ಲಿ ಮೂಡುಬಿದಿರೆಗೆ ಕರೆದುಕೊಂಡು ಹೋದರು. ಅಲ್ಲಿಗೆ ವಾರಕ್ಕೊಮ್ಮೆ ಮಂಗಳೂರಿನಿಂದ ಹಲ್ಲಿನ ಡಾಕ್ಟರೊಬ್ಬರು ಬರುತ್ತಿದ್ದರು.

“ತಂತಿ ಹಾಕಿ ಸಾಲಿಗೆ ತರುವ. ಆದರೆ ಜಾಗ ಸಾಲುವುದಿಲ್ಲ, ಹಲ್ಲಿನ ಬದಿಯನ್ನು ಸ್ವಲ್ಪ ಉಜ್ಜಬೇಕು” ಎಂದು ಡಾಕ್ಟರು ಮರಳುಕಾಗದದಂಥ ತೆಳು ಪಟ್ಟಿಯೊಂದನ್ನು ಹಲ್ಲುಗಳ ಸಂದಿಗೆ ತೂರಿಸಿದರು. ನೋವಾಗಲಿಲ್ಲ. ಕರಕರ ಸದ್ದು ಮಾತ್ರ ತಲೆಯೊಳಗೆಲ್ಲ ಕೇಳುತ್ತಿತ್ತು.

ಬಗ್ಗಿ ನೋಡುತ್ತಿದ್ದ ಅಪ್ಪನಿಗೆ ಸುಮ್ಮನಿರಲಾಗಲಿಲ್ಲ.

“ಡಾಕ್ಟರೇ, ಎರಡೂ ಕಡೆಯಿಂದ ಸಮ ತೆಗೆಯಿರಿ. ಒಂದೇ ಕಡೆಯಿಂದ ಕೆತ್ತಿದರೆ ಅದು ನ್ಯಾಯ ಅಲ್ಲ.”

ಡಾಕ್ಟರು ನಕ್ಕರು. ನನಗೆ ಆ ಮಾತು ಹೊಸತಲ್ಲ. ನಮ್ಮ ಗದ್ದೆಗೂ ಚಿಕ್ಕಪ್ಪನ ಗದ್ದೆಗೂ ನಡುವೆ ಮಣ್ಣಿನ ಹುಣಿಯೊಂದಿತ್ತು, ಅಂದರೆ ಗದ್ದೆಯ ಬದು. ಹುಲ್ಲು ತೆಗೆಯುವ ನೆಪದಲ್ಲಿ ಅಪ್ಪ ಪ್ರತಿ ವರ್ಷ ಅದನ್ನು ನಮ್ಮ ಕಡೆಯಿಂದ ಕೆತ್ತಿ ಗದ್ದೆಯನ್ನು ಬೆರಳಷ್ಟು ಅಗಲ ಮಾಡಿಕೊಳ್ಳುತ್ತಿದ್ದರು. ಆಗ ಚಿಕ್ಕಪ್ಪ ಹೇಳುತ್ತಿದ್ದ ಮಾತೇ ಅದು.

ಮರುವರ್ಷವೂ ಅಪ್ಪ ಹಾರೆ ಹಿಡಿದು ಹುಣಿಯ ಬುಡಕ್ಕೆ ಇಳಿದರು. ಆಚೆಯಿಂದ ಚಿಕ್ಕಪ್ಪ ನನ್ನನ್ನು ಕೇಳಿದರು:

“ಹಲ್ಲು ಸರಿಯಾಯಿತಾ ಮಗಾ?”

“ಆಯಿತು ಚಿಕ್ಕಪ್ಪ. ಎರಡೂ ಕಡೆಯಿಂದ ಸಮ ತೆಗೆದರು. ಅಪ್ಪನೇ ಹೇಳಿ ತೆಗೆಸಿದ್ದು” ಎಂದೆ, ಬೇಕೆಂದೇ ಸ್ವಲ್ಪ ಗಟ್ಟಿಯಾಗಿ.

ಅಪ್ಪ ಹಾರೆಯನ್ನು ಹೆಗಲಿಗೇರಿಸಿದರು. “ಮಳೆ ಬರುವ ಹಾಗುಂಟು” ಎಂದು ಮನೆಯ ಕಡೆ ನಡೆದರು.

ಒಳ್ಳೆಯ ಬಿಸಿಲಿತ್ತು.